ಅಪ್‌ಡೇಟ್ ಆದ ಮೇಲೆ ವಾಚಿನ ನಿದ್ದೆ ಲೆಕ್ಕ ತಪ್ಪುತ್ತಿದೆಯೇ? ಹೀಗೆ ಹುಡುಕಿ

ರಾತ್ರಿಗೆ ಒಂದೂಕಾಲು ಗಂಟೆ ಗಾಢ ನಿದ್ದೆ ತೋರಿಸುತ್ತಿದ್ದ ವಾಚು ಅಪ್‌ಡೇಟ್ ಆದ ಮರುದಿನದಿಂದ ಇಪ್ಪತ್ತು ನಿಮಿಷ ಅನ್ನತೊಡಗಿದರೆ ಕೈ ಮೊದಲು ಹೋಗುವುದು ರೀಸೆಟ್ ಕಡೆಗೆ. ಅದೊಂದನ್ನು ಸದ್ಯಕ್ಕೆ ಮಾಡಬೇಡಿ. ವಾಚಿನಿಂದ ಫೋನಿಗೆ ಇನ್ನೂ ಬಾರದ ದಾಖಲೆ ಇದ್ದರೆ ಅಳಿಸಿಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಏನು ಬದಲಾಗಿತ್ತು ಎಂದು ತಿಳಿಯಲು ಇದ್ದ ಸುಳಿವೂ ಅದರ ಜೊತೆಗೇ ಹೋಗುತ್ತದೆ.

ನನ್ನ ಹೊಟ್ಟೆಪಾಡು ಸಾಫ್ಟ್‌ವೇರ್ ಟೆಸ್ಟಿಂಗ್. ಹೊಸ ಆವೃತ್ತಿ ಕೈಗೆ ಬಂದಾಗ, ನಿನ್ನೆಯವರೆಗೆ ಸರಿಯಿದ್ದದ್ದರಲ್ಲಿ ಇವತ್ತು ಯಾವುದು ಕೆಟ್ಟಿದೆ ಎಂದು ಹುಡುಕಿ ಬರೆದುಕೊಡುವುದು ಕೆಲಸ. ಮೇಲಾಗಿ ನನ್ನದು ಕೋಳಿನಿದ್ದೆ. ನಡುರಾತ್ರಿ ಎಚ್ಚರವಾದರೆ ಮಗ್ಗುಲನ್ನೂ ಬದಲಿಸದೆ ಸೂರು ನೋಡುತ್ತ ಬಹಳ ಹೊತ್ತು ಬಿದ್ದಿರುತ್ತೇನೆ. ಒಂದು ಅಪ್‌ಡೇಟ್ ಬಂದು ನನ್ನ ಆ ಎಚ್ಚರವನ್ನೆಲ್ಲ ಲಘು ನಿದ್ದೆಯ ಖಾತೆಗೆ ಜಮಾ ಮಾಡಿತು. ಅಲ್ಲಿಂದ ಈ ವಿಷಯದ ಬೆನ್ನು ಹತ್ತಿದೆ. ಯಾವ ಕಂಪನಿಯ ವಾಚು ಎನ್ನುವುದು ಇಲ್ಲಿ ಬೇಡ. ಹುಡುಕುವ ದಾರಿ ಎಲ್ಲಕ್ಕೂ ಹೆಚ್ಚುಕಮ್ಮಿ ಒಂದೇ.

ಯಾವುದು ಅಪ್‌ಡೇಟ್ ಆಯಿತು?

ಅಪ್‌ಡೇಟ್ ಆಯಿತು ಅನ್ನುತ್ತೇವಲ್ಲ, ಯಾವುದು ಎಂದು ಮೊದಲು ನೋಡಿ. ವಾಚಿನ ಒಳಗಿನ ಸಾಫ್ಟ್‌ವೇರ್ ಇದೆ, ಫೋನಿನಲ್ಲಿ ಅದರ ಆ್ಯಪ್ ಇದೆ, ಫೋನಿನದೇ ಆಪರೇಟಿಂಗ್ ಸಿಸ್ಟಮ್ ಇದೆ. ಮೂರೂ ಬೇರೆ ಬೇರೆ ದಿನ ಬದಲಾಗುತ್ತವೆ. ಎಷ್ಟೋ ಸಲ ಆ್ಯಪ್ ಯಾರನ್ನೂ ಕೇಳದೆ ತಾನೇ ಅಪ್‌ಡೇಟ್ ಆಗಿರುತ್ತದೆ, ಬೈಸಿಕೊಳ್ಳುವುದು ವಾಚು. ಮೂರರ ಆವೃತ್ತಿ ಸಂಖ್ಯೆಯನ್ನೂ ತಾರೀಖಿನ ಜೊತೆ ಒಂದು ಕಡೆ ಬರೆದಿಡಿ. ಕೆಟ್ಟ ಲೆಕ್ಕ ತೋರಿಸಿದ ರಾತ್ರಿಯ ಪೂರ್ತಿ ಗ್ರಾಫಿನ ಸ್ಕ್ರೀನ್‌ಶಾಟ್ ತೆಗೆದಿಡಿ. ಸ್ಲೀಪ್ ಸ್ಕೋರ್ ಒಂದರದೇ ತೆಗೆದರೆ ಪ್ರಯೋಜನವಿಲ್ಲ, ಆ ಅಂಕದೊಳಗೆ ಏನೇನು ಕೂಡಿದೆ ಎಂದು ಯಾರಿಗೂ ಕಾಣುವುದಿಲ್ಲ.

ಆಮೇಲೆ ಆ್ಯಪಿನಲ್ಲಿ ತಿಂಗಳ ನೋಟ ತೆರೆಯಿರಿ. ಗಾಢ ನಿದ್ದೆಯ ಗೆರೆ ಒಂದೇ ರಾತ್ರಿಯಲ್ಲಿ ಮೆಟ್ಟಿಲಿಳಿದಂತೆ ಕೆಳಗಿಳಿದು ಅಲ್ಲೇ ನಿಂತಿದೆಯೇ, ಅಥವಾ ವಾರಗಟ್ಟಲೆ ನಿಧಾನವಾಗಿ ಜಾರಿದೆಯೇ? ಅಪ್‌ಡೇಟ್ ತಾರೀಖಿನಂದೇ ಮೆಟ್ಟಿಲು ಬಿದ್ದಿದ್ದರೆ ಅನುಮಾನ ಸಾಫ್ಟ್‌ವೇರ್ ಮೇಲೆ. ನಿಧಾನವಾಗಿ ಜಾರಿದ್ದರೆ ಪಟ್ಟಿ ಸಡಿಲವಾಗಿರಬಹುದು, ಸೆನ್ಸರ್ ಗಾಜು ಮಸುಕಾಗಿರಬಹುದು, ನಿಮ್ಮ ನಿದ್ದೆಯೇ ಕೆಟ್ಟಿರಲೂಬಹುದು. ಈ ಒಂದು ನೋಟಕ್ಕೆ ಎರಡು ನಿಮಿಷ ಸಾಕು. ಆದರೂ ದೂರು ಹೇಳುವವರಲ್ಲಿ ಇದನ್ನು ನೋಡಿ ಬಂದವರನ್ನು ನಾನು ಕಂಡದ್ದು ಅಪರೂಪ.

ವಾಚಿಗೆ ಕಾಣುವುದು ಎಷ್ಟು?

ಆಸ್ಪತ್ರೆಯ ನಿದ್ರಾ ಪರೀಕ್ಷೆಯಲ್ಲಿ, ಅಂದರೆ ಪಾಲಿಸಾಮ್ನೋಗ್ರಫಿಯಲ್ಲಿ, ತಲೆಗೆ, ಕಣ್ಣಿನ ಪಕ್ಕಕ್ಕೆ, ಗದ್ದಕ್ಕೆ ತಂತಿ ಅಂಟಿಸಿ ಮಿದುಳಿನ ಅಲೆ, ಕಣ್ಣಿನ ಚಲನೆ, ಸ್ನಾಯುವಿನ ಬಿಗಿ ದಾಖಲಿಸುತ್ತಾರೆ. ರಾತ್ರಿಯನ್ನು 30 ಸೆಕೆಂಡುಗಳ ತುಂಡು ಮಾಡಿ ಒಂದೊಂದು ತುಂಡಿಗೂ ಯಾವ ಹಂತ ಎಂದು ಗುರುತು ಹಾಕುತ್ತಾರೆ. ಕಣ್ಣು ಚುರುಕಾಗಿ ಚಲಿಸುವ ರೆಮ್ ಹಂತವನ್ನು 1953ರಲ್ಲಿ ಅಸೆರಿನ್ಸ್ಕಿ ಮತ್ತು ಕ್ಲೈಟ್‌ಮನ್ ವರದಿ ಮಾಡಿದ್ದು ಕಣ್ಣಿನ ಚಲನೆ ನೋಡಿಯೇ. ಮಣಿಕಟ್ಟಿನ ಮೇಲೆ ಕೂತ ವಾಚಿಗೆ ಕಣ್ಣೂ ಕಾಣದು, ಮಿದುಳೂ ಕಾಣದು. ಅದಕ್ಕೆ ಸಿಗುವುದು ಕೈಯ ಅಲುಗಾಟ, ಹಸಿರು ಬೆಳಕು ಚರ್ಮದೊಳಗೆ ಹೋಗಿ ಮರಳಿದಾಗ ತಿಳಿಯುವ ನಾಡಿ, ಬಡಿತಗಳ ನಡುವಿನ ಏರುಪೇರು, ಕೆಲವು ಮಾದರಿಗಳಲ್ಲಿ ಚರ್ಮದ ತಾಪ ಮತ್ತು ರಕ್ತದ ಆಮ್ಲಜನಕ. ಇಷ್ಟರಿಂದ ಹಂತಗಳನ್ನು ಊಹಿಸುವುದು ಒಂದು ಗಣಿತ. ಅಪ್‌ಡೇಟ್ ಬದಲಿಸುವುದು ಹಲವು ಸಲ ಆ ಗಣಿತವನ್ನೇ.

ಇದರಿಂದ ಎರಡು ವಿಷಯ ತಿಳಿಯುತ್ತದೆ. ನಿದ್ದೆಯನ್ನು ನಿದ್ದೆ ಎಂದು ಗುರುತಿಸುವುದರಲ್ಲಿ ಈ ವಾಚುಗಳು ಗಟ್ಟಿ, ಅಲುಗಾಡದೆ ಮಲಗಿರುವ ಎಚ್ಚರವನ್ನು ಹಿಡಿಯುವುದರಲ್ಲಿ ದುರ್ಬಲ. ಇನ್ನೊಂದು, ಗಾಢ ನಿದ್ದೆ ಕಡಿಮೆ ತೋರಿಸಿದ ಮಾತ್ರಕ್ಕೆ ಹೊಸ ಲೆಕ್ಕ ತಪ್ಪು, ಹಳೆಯದು ಸರಿ ಎಂದಾಗುವುದಿಲ್ಲ. ಹಳೆಯದೇ ಧಾರಾಳವಾಗಿ ಕೊಡುತ್ತಿದ್ದಿರಬಹುದು. ವಯಸ್ಕರಲ್ಲಿ ಗಾಢ ನಿದ್ದೆ ಒಟ್ಟು ನಿದ್ದೆಯ ಸುಮಾರು 13ರಿಂದ 23 ಶೇಕಡಾ ಎನ್ನುವುದು ರೂಢಿಯ ಲೆಕ್ಕ. ಏಳು ಗಂಟೆ ಮಲಗಿದರೆ ಒಂದು ಗಂಟೆಗೆ ತುಸು ಕಡಿಮೆಯಿಂದ ಒಂದೂವರೆ ಗಂಟೆಗೆ ತುಸು ಹೆಚ್ಚು. ವಯಸ್ಸಾದಂತೆ ಇನ್ನೂ ಇಳಿಯುತ್ತದೆ. ನಿಮ್ಮ ಹಳೆಯ ವಾಚು ದಿನವೂ ಎರಡೂವರೆ ಗಂಟೆ ತೋರಿಸುತ್ತಿದ್ದರೆ ಸಂಭ್ರಮಪಟ್ಟದ್ದೇ ಅವಸರ.

ತಕರಾರಿನ ಜಾತಿ ಗುರುತಿಸಿ

ಗ್ರಾಫ್ ಮುಂದಿಟ್ಟುಕೊಂಡು ಕೂತರೆ ತಕರಾರು ಸಾಮಾನ್ಯವಾಗಿ ಕೆಳಗಿನ ಯಾವುದಾದರೂ ಒಂದಕ್ಕೆ ಸೇರುತ್ತದೆ.

ನಿದ್ದೆ ಶುರುವಾದ ಹೊತ್ತು ಅಥವಾ ಎದ್ದ ಹೊತ್ತು ತಪ್ಪಿದ್ದರೆ ಸೆಟ್ಟಿಂಗ್ಸ್ ನೋಡಿ. ಮಲಗುವ ವೇಳಾಪಟ್ಟಿ ಹಳೆಯದಕ್ಕೆ ಮರಳಿರಬಹುದು, ಸ್ಲೀಪ್ ಮೋಡ್ ಆಫ್ ಆಗಿರಬಹುದು. ಗಾರ್ಮಿನ್‌ನಂಥ ಕೆಲವು ವಾಚುಗಳು ನೀವು ಕೊಟ್ಟ ಮಲಗುವ ವೇಳೆಯನ್ನೂ ಆಧಾರವಾಗಿಟ್ಟುಕೊಳ್ಳುತ್ತವೆ. ರಾತ್ರಿ ಪಾಳಿಯವರು ಇದನ್ನು ವಿಶೇಷವಾಗಿ ನೋಡಬೇಕು.

ಎರಡು ಆ್ಯಪ್‌ಗಳಲ್ಲಿ ಎರಡು ಬೇರೆ ಮೊತ್ತ ಬಂದರೆ, ಒಂದೇ ರಾತ್ರಿಯ ದಾಖಲೆಯನ್ನು ಇಬ್ಬರು ಬರೆಯುತ್ತಿದ್ದಾರೆ ಎಂದರ್ಥ. ಐಫೋನಿನ ಹೆಲ್ತ್ ಆ್ಯಪಿನಲ್ಲಿ ಯಾವ ಮೂಲಕ್ಕೆ ಆದ್ಯತೆ ಎಂದು ಸಾಲು ಬದಲಿಸಬಹುದು. ಆಂಡ್ರಾಯ್ಡ್‌ನಲ್ಲಿ ಆರೋಗ್ಯದ ಆ್ಯಪ್‌ಗಳು ದಾಖಲೆ ಹಂಚಿಕೊಳ್ಳುವ ಹೆಲ್ತ್ ಕನೆಕ್ಟ್‌ಗೆ ಹೋಗಿ ಯಾವ ಆ್ಯಪ್‌ಗೆ ನಿದ್ದೆ ಬರೆಯುವ ಅನುಮತಿ ಇದೆ ಎಂದು ನೋಡಿ, ಬೇಡದ್ದನ್ನು ತೆಗೆಯಿರಿ.

ನಡುನಡುವೆ ನಾಡಿಯ ಗೆರೆಯೇ ಕಡಿದುಹೋಗಿದ್ದರೆ ಗಣಿತವನ್ನು ದೂರಿ ಫಲವಿಲ್ಲ, ಅದಕ್ಕೆ ಆಹಾರವೇ ಸಿಕ್ಕಿಲ್ಲ. ಮೊದಲು ಬ್ಯಾಟರಿ ಉಳಿಸುವ ಮೋಡ್ ನೋಡಿ. ಆಪಲ್ ವಾಚಿನ ಲೋ ಪವರ್ ಮೋಡ್ ಹಿನ್ನೆಲೆಯಲ್ಲಿ ನಾಡಿ ಅಳೆಯುವುದನ್ನೇ ನಿಲ್ಲಿಸುತ್ತದೆ. ಫಿಟ್‌ಬಿಟ್‌ನಲ್ಲಿ ಬ್ಯಾಟರಿ ತೀರಾ ಕೆಳಗಿದ್ದರೆ, ಪಟ್ಟಿ ಸಡಿಲವಿದ್ದರೆ, ಅಥವಾ ಮೂರು ಗಂಟೆಗಿಂತ ಕಡಿಮೆ ಮಲಗಿದ್ದರೆ ಹಂತಗಳ ಬದಲು ಎಚ್ಚರ, ಹೊರಳಾಟ, ನಿದ್ದೆ ಎಂಬ ಒರಟು ಲೆಕ್ಕ ಮಾತ್ರ ಬರುತ್ತದೆ. ಅಪ್‌ಡೇಟ್ ಆದ ಮೊದಲ ಒಂದೆರಡು ದಿನ ವಾಚು ಒಳಗೊಳಗೇ ಬೇರೆ ಕೆಲಸ ಮಾಡುತ್ತ ಬ್ಯಾಟರಿ ಬೇಗ ತಿನ್ನುವುದುಂಟು. ಹಾಗಾಗಿ ಬೆಳಗಿನ ಜಾವದ ಹೊತ್ತಿಗೆ ಕೆಲವು ವಾಚುಗಳಲ್ಲಿ ಉಳಿತಾಯದ ಮೋಡ್ ತಾನೇ ಶುರುವಾಗಿರಬಹುದು, ರೆಮ್ ಹೆಚ್ಚಾಗಿರುವ ಹೊತ್ತೂ ಅದೇ! ಮಲಗುವ ಮುನ್ನ ಚಾರ್ಜ್ ಎಷ್ಟಿದೆ ನೋಡಿಕೊಳ್ಳಿ, 30 ಶೇಕಡಾಕ್ಕಿಂತ ಕೆಳಗಿದ್ದರೆ ಸ್ವಲ್ಪ ಹೊತ್ತು ಚಾರ್ಜಿಗೆ ಹಾಕಿ, ಆಮೇಲೆ ಕಟ್ಟಿಕೊಂಡು ಮಲಗಿ.

ಜೊತೆಗೆ ಪಟ್ಟಿ. ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳಿನಷ್ಟು ಮೇಲೆ, ಕೈ ಅಲುಗಿಸಿದರೆ ವಾಚು ಜಾರಬಾರದು, ಬೆಳಿಗ್ಗೆ ತೆಗೆದಾಗ ಚರ್ಮದಲ್ಲಿ ಆಳದ ಗುರುತೂ ಮೂಡಬಾರದು. ಹಿಂಬದಿಯ ಗಾಜನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಬೆವರು ಒಣಗಿದ ಬಿಳಿ ಪೊರೆಯೊಂದು ಅಂಚಿನಲ್ಲಿ ಕಂಡರೆ ಒದ್ದೆ ಮಾಡಿ ಹಿಂಡಿದ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ ಕಟ್ಟಿಕೊಳ್ಳಿ. ಸೆನ್ಸರ್ ಕೂರುವ ಜಾಗದಲ್ಲಿ ಹಚ್ಚೆ ಇದ್ದರೆ ಇನ್ನೊಂದು ಕೈಗೆ ಕಟ್ಟಿ, ಯಾವ ಕೈ ಎಂದು ಸೆಟ್ಟಿಂಗ್ಸ್‌ನಲ್ಲಿಯೂ ಬದಲಿಸಿ.

ಆಂಡ್ರಾಯ್ಡ್ ಫೋನಿನವರು ಆ್ಯಪಿನ ಬ್ಯಾಟರಿ ಆಪ್ಟಿಮೈಸೇಶನ್, ಅಂದರೆ ಚಾರ್ಜ್ ಉಳಿಸಲು ಹಿನ್ನೆಲೆಯಲ್ಲಿ ಆ್ಯಪಿಗೆ ಕಡಿವಾಣ ಹಾಕುವ ಸೆಟ್ಟಿಂಗ್, ತೆಗೆದುಹಾಕಿ, ಅಪ್‌ಡೇಟ್ ಆದಾಗ ಅದು ಮತ್ತೆ ಹತ್ತಿಕೊಳ್ಳುವುದಿದೆ. ದೇಹದ ಸೆನ್ಸರ್, ಬ್ಲೂಟೂತ್, ಹಿನ್ನೆಲೆ ಚಟುವಟಿಕೆ, ಈ ಮೂರರ ಪರ್ಮಿಷನ್ ಒಂದೊಂದಾಗಿ ತೆರೆದು ನೋಡಿ. ಆನ್ ಇದ್ದದ್ದನ್ನೂ ಒಮ್ಮೆ ಆಫ್ ಮಾಡಿ ಮತ್ತೆ ಆನ್ ಮಾಡಿ.

ಉಳಿದದ್ದು ನಾಲ್ಕನೆಯ ಜಾತಿ: ಮಲಗಿದ್ದು ಎದ್ದದ್ದು ಸರಿ, ನಾಡಿಯ ಗೆರೆ ಅಖಂಡ, ಹಂತಗಳ ಪಾಲು ಮಾತ್ರ ತಲೆಕೆಳಗು. ಇದು ಗಣಿತ ಬದಲಾದ ಲಕ್ಷಣ. ಗ್ರಾಫಿನ ಆಕಾರ ನೋಡಿ. ಗಾಢ ನಿದ್ದೆ ಬಹುಪಾಲು ರಾತ್ರಿಯ ಮೊದಲ ಅರ್ಧದಲ್ಲಿ ಬರಬೇಕು, ರೆಮ್ ತುಂಡುಗಳು ಬೆಳಗಾಗುತ್ತ ಉದ್ದವಾಗಬೇಕು, ಒಂದು ಆವರ್ತನೆ ಸುಮಾರು 90 ನಿಮಿಷ. ನಿಮಿಷಗಳು ಕಡಿಮೆಯಾದರೂ ಈ ಆಕಾರ ಉಳಿದಿದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಹಲವು ರಾತ್ರಿ ಸತತವಾಗಿ ಗಾಢ ನಿದ್ದೆಯೆಲ್ಲ ಬೆಳಗಿನ ಜಾವಕ್ಕೆ ಬಿದ್ದಿದ್ದರೆ ಎಲ್ಲೋ ಕೆಟ್ಟಿದೆ.

ಕಾಗದದ ಮೇಲೆ ಪರೀಕ್ಷೆ

ಒಂದು ವಾರ ದಿಂಬಿನ ಪಕ್ಕ ಕಾಗದ, ಪೆನ್ಸಿಲ್ ಇರಲಿ. ಬೆಳಿಗ್ಗೆ ಎದ್ದ ಕೂಡಲೇ, ವಾಚಿನ ಲೆಕ್ಕ ನೋಡುವ ಮೊದಲು ಬರೆಯಿರಿ: ದೀಪ ಆರಿಸಿದ್ದು ಎಷ್ಟು ಹೊತ್ತಿಗೆ, ನಿದ್ದೆ ಹತ್ತಲು ಸುಮಾರು ಎಷ್ಟು ಹಿಡಿಯಿತು, ಎಷ್ಟು ಸಲ ಎಚ್ಚರವಾಯಿತು, ಕೊನೆಗೆ ಎದ್ದದ್ದು ಎಷ್ಟಕ್ಕೆ. ಅಂದಾಜು ಸಾಕು, ರಾತ್ರಿ ಗಡಿಯಾರ ನೋಡುತ್ತ ಕೂರಬೇಡಿ. ವಾಚನ್ನು ಮೊದಲು ನೋಡಿದರೆ ನಿಮ್ಮ ನೆನಪು ಅದರ ಮಾತನ್ನೇ ಕೇಳುತ್ತದೆ.

ಆ ವಾರದಲ್ಲಿ ಒಂದೆರಡು ರಾತ್ರಿ ಬೇಕೆಂದೇ ಒಂದು ಬಲೆ ಹಾಕಿ. ಹಾಸಿಗೆಯಲ್ಲಿ ದಿಂಬಿಗೆ ಒರಗಿ, ಕೈ ಅಲುಗಾಡಿಸದೆ, ಅರ್ಧ ಗಂಟೆ ಕಾಗದದ ಪುಸ್ತಕ ಓದಿ. ಓದಲು ಶುರು ಮಾಡಿದ್ದು, ದೀಪ ಆರಿಸಿದ್ದು ಎರಡನ್ನೂ ನಿಮಿಷ ಸಮೇತ ಬರೆಯಿರಿ. ಪುಟ ತಿರುಗಿಸಲು ವಾಚಿಲ್ಲದ ಕೈ ಬಳಸಿ. ಆ ಅರ್ಧ ಗಂಟೆಯನ್ನು ವಾಚು ನಿದ್ದೆಗೆ ಸೇರಿಸಿತೇ ಎಂದು ಬೆಳಿಗ್ಗೆ ನೋಡಿ. ಐದಾರು ನಿಮಿಷ ಸೇರಿಸಿದರೆ ಮಾಫಿ. ಪೂರ್ತಿ ಸೇರಿಸಿದರೆ ನಿಮ್ಮ ಕೈಯಲ್ಲಿ ಪುರಾವೆ ಸಿಕ್ಕಿತು. ಎದ್ದು ಬಚ್ಚಲಿಗೆ ಹೋಗಿಬಂದದ್ದನ್ನೂ ಎಚ್ಚರ ಎಂದು ಹಿಡಿಯದ ವಾಚಾದರೆ ಮುಂದಿನ ಹಂತಕ್ಕೆ ಹೋಗಿ.

ಕಾಯುವುದು ಎಷ್ಟು, ಒತ್ತುವುದು ಯಾವಾಗ

ಕೆಲವು ಅಳತೆಗಳು ನಿಮ್ಮದೇ ಹಿಂದಿನ ರಾತ್ರಿಗಳ ಜೊತೆ ಹೋಲಿಸಿ ಬರುವಂಥವು. ಆಪಲ್ ವಾಚಿಗೆ ಮಣಿಕಟ್ಟಿನ ತಾಪದ ಆಧಾರರೇಖೆ ಸಿಗಲು ಐದು ರಾತ್ರಿ ಬೇಕು, ಗಾರ್ಮಿನ್‌ನಲ್ಲಿ ನಾಡಿ ಏರುಪೇರಿನ ಆಧಾರರೇಖೆಗೆ ಸುಮಾರು ಮೂರು ವಾರ. ರೀಸೆಟ್ ಮಾಡಿದರೆ ಇವು ಮತ್ತೆ ಮೊದಲಿನಿಂದ ಶುರುವಾಗಬಹುದು. ಆದ್ದರಿಂದ ಕ್ರಮ ಹೀಗಿರಲಿ: ಮೊದಲು ವಾಚು, ಫೋನು ಎರಡನ್ನೂ ರೀಸ್ಟಾರ್ಟ್ ಮಾಡಿ. ಸರಿಯಾಗದಿದ್ದರೆ ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ, ಎರಡು ಮೂರು ರಾತ್ರಿ ನೋಡಿ. ಐದು ಸೆಟ್ಟಿಂಗ್ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ಎಂದಿಗೂ ತಿಳಿಯದು. ಅನ್‌ಪೇರ್ ಮಾಡಿ ಮತ್ತೆ ಜೋಡಿಸುವುದು ಕಟ್ಟಕಡೆಯದು, ಅದೂ ಪೂರ್ತಿ ಸಿಂಕ್ ಆಗಿದೆ ಎಂದು ಖಾತ್ರಿಪಡಿಸಿಕೊಂಡ ಮೇಲೆ. ಹಳೆಯ ಆವೃತ್ತಿಗೆ ಮರಳುವ ಆಸೆ ಬಿಡಿ, ಆಪಲ್ ವಾಚಿನಲ್ಲಿ ಅದಕ್ಕೆ ದಾರಿಯೇ ಇಲ್ಲ. ಬೀಟಾ, ಅಂದರೆ ಇನ್ನೂ ಪರೀಕ್ಷೆಯಲ್ಲಿರುವ ಆವೃತ್ತಿ ಹಾಕಿಕೊಂಡವರು ಮೊದಲು ಅದರಿಂದ ಹೊರಬನ್ನಿ, ಆಮೇಲೆ ದೂರುವಿರಂತೆ.

ಕಂಪನಿಗೆ ಬರೆಯುವಾಗ

'ಅಪ್‌ಡೇಟ್ ಆದ ಮೇಲೆ ನಿದ್ದೆ ಸರಿ ಬರುತ್ತಿಲ್ಲ' ಎಂದು ಬರೆದರೆ 'ರೀಸ್ಟಾರ್ಟ್ ಮಾಡಿ' ಎಂಬ ಸಿದ್ಧ ಉತ್ತರ ಬರುತ್ತದೆ. ಇಂಥ ದೂರುಗಳನ್ನು ಆ ಕಡೆಯಿಂದ ಓದುವವಳಾಗಿ ಹೇಳುತ್ತೇನೆ, ನಮಗೆ ಬೇಕಾದದ್ದು ಈ ಥರದ್ದು: 'ವಾಚಿನ ಆವೃತ್ತಿ ಇದು, ಆ್ಯಪ್ ಇದು, ಫೋನ್ ಇದು. ಇಂಥ ರಾತ್ರಿ 10:40ರಿಂದ 11:10ರವರೆಗೆ ಹಾಸಿಗೆಯಲ್ಲಿ ಓದುತ್ತಿದ್ದೆ, ಎಚ್ಚರವಿದ್ದೆ. ವಾಚು 10:46ರಿಂದ ಲಘು ನಿದ್ದೆ ಎಂದಿದೆ. ನಾಡಿಯ ದಾಖಲೆ ಅಖಂಡವಿದೆ, ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ. ಹಿಂದಿನ ಆವೃತ್ತಿಯಲ್ಲಿ ಹೀಗಿರಲಿಲ್ಲ.' ಇದನ್ನು ಬದಿಗೆ ಸರಿಸುವುದು ಯಾರಿಗಾದರೂ ಕಷ್ಟ. ಆ್ಯಪಿನೊಳಗಿಂದಲೇ ದೂರು ಕಳಿಸುವ ಸೌಲಭ್ಯವಿದ್ದರೆ ಅದನ್ನೇ ಬಳಸಿ, ಜೊತೆಗೆ ವಾಚಿನ ಲಾಗ್, ಅಂದರೆ ಅದರ ಒಳಗಿನ ಕೆಲಸದ ದಾಖಲೆ, ಕೂಡ ಹೋಗಬಹುದು.

ಈ ಹುಡುಕಾಟದ ನಡುವೆ ಒಂದು ಎಚ್ಚರಿಕೆ. ಜೋರು ಗೊರಕೆ, ಉಸಿರುಗಟ್ಟಿದಂತಾಗಿ ಏಳುವುದು, ಹಗಲೆಲ್ಲ ತೂಕಡಿಕೆ ಇದ್ದರೆ ವಾಚು ನೂರಕ್ಕೆ ತೊಂಬತ್ತು ಅಂಕ ಕೊಟ್ಟರೂ ವೈದ್ಯರನ್ನು ಕಾಣಿ. ಅದರ ಉಲ್ಟಾ ಕೂಡ ಇದೆ: ಚೆನ್ನಾಗಿ ಮಲಗಿ ಎದ್ದವರೂ ಅಂಕ ನೋಡಿ ಸುಸ್ತಾಗುತ್ತಾರೆ. ಅಂಕದ ಹಿಂದೆ ಬಿದ್ದು ನಿದ್ದೆಗೆಡುವ ಈ ಗೀಳಿಗೆ 2017ರಲ್ಲಿ ಸಂಶೋಧಕರು ಆರ್ಥೊಸಾಮ್ನಿಯಾ ಎಂದು ಹೆಸರೇ ಇಟ್ಟರು. ನಿಮಗೂ ಹಾಗಾಗುತ್ತಿದ್ದರೆ ತಕರಾರು ಬಗೆಹರಿಯುವ ತನಕ ಬೆಳಗಿನ ಸ್ಕೋರ್ ನೋಟಿಫಿಕೇಶನ್ ಆಫ್ ಮಾಡಿಡಿ.

ಇನ್ನು ಮುಂದಿನ ಅಪ್‌ಡೇಟ್‌ಗೆ: ಆಟೋ ಅಪ್‌ಡೇಟ್ ತೆಗೆದುಹಾಕಿ, ಆದರೆ ಸುರಕ್ಷತೆಗೆ ಸಂಬಂಧಪಟ್ಟದ್ದನ್ನು ಬಹಳ ಮುಂದೂಡಬೇಡಿ. ಹಾಕುವ ಮುನ್ನ ನಿದ್ದೆಯ ಸೆಟ್ಟಿಂಗ್ಸ್ ಪುಟಗಳ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ವಾಚು ಮತ್ತು ಆ್ಯಪ್ ಎರಡನ್ನೂ ಒಂದೇ ದಿನ ಅಪ್‌ಡೇಟ್ ಮಾಡದೆ ನಡುವೆ ಒಂದು ವಾರ ಬಿಡಿ. ಲೆಕ್ಕ ಮತ್ತೆ ತಪ್ಪಿದರೆ ಯಾವುದರಿಂದ ಎಂದು ಆಗ ತಾರೀಖೇ ಹೇಳುತ್ತದೆ.