ಬೈಬಲ್ ಓದು ನಡುವೆ ನಿಲ್ಲದಿರಲು: ಎಲ್ಲಿಂದ ಶುರು, ದಿನಕ್ಕೆಷ್ಟು, ಓದುವುದು ಹೇಗೆ

ಇಡೀ ಬೈಬಲನ್ನು ಒಂದೇ ವರ್ಷದಲ್ಲಿ ಓದಿ ಮುಗಿಸಬೇಕೆಂದು ಜನವರಿ 1ರಂದು ಮೊದಲ ಗ್ರಂಥವಾದ ಆದಿಕಾಂಡ ತೆರೆದವರಲ್ಲಿ ಬಹಳ ಮಂದಿ ಮೂರನೆಯದಾದ ಯಾಜಕಕಾಂಡದ ಹತ್ತಿರ ನಿಂತುಬಿಡುತ್ತಾರೆ. ಆಮೇಲೆ "ನನ್ನಲ್ಲಿ ಭಕ್ತಿ ಸಾಲದು" ಎಂದು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ತಪ್ಪಿರುವುದು ಭಕ್ತಿಯಲ್ಲಲ್ಲ, ಲೆಕ್ಕದಲ್ಲಿ. 66 ಗ್ರಂಥಗಳ ಬೈಬಲಿನಲ್ಲಿ 1,189 ಅಧ್ಯಾಯಗಳಿವೆ. ವರ್ಷದಲ್ಲಿ ಮುಗಿಯಬೇಕಾದರೆ ದಿನಕ್ಕೆ ಮೂರು-ನಾಲ್ಕು ಅಧ್ಯಾಯ ಓದಬೇಕು. ಆ ವೇಗದಲ್ಲಿ ಹೋದರೆ ನಾಲ್ಕನೇ ವಾರದಲ್ಲೇ ವಿಮೋಚನಕಾಂಡದ 25ನೇ ಅಧ್ಯಾಯ ಎದುರಾಗುತ್ತದೆ. ಅಲ್ಲಿಂದ 31ರವರೆಗೆ ದೇವದರ್ಶನದ ಗುಡಾರದ, ಅಂದರೆ ಆರಾಧನೆಯ ಡೇರೆಯ, ಹಲಗೆ, ಪರದೆ, ಕೊಂಡಿಗಳ ವಿವರ. 35ರಿಂದ 40ರವರೆಗೆ ಬಹುಮಟ್ಟಿಗೆ ಅವೇ ಮತ್ತೊಮ್ಮೆ. ಅದರ ಬೆನ್ನಿಗೇ ಯಾಜಕಕಾಂಡದ 27 ಅಧ್ಯಾಯಗಳು. ಓದುವ ರೂಢಿಯೇ ಇನ್ನೂ ಬೇರೂರದವರು ಇಲ್ಲಿ ಸೋಲುವುದರಲ್ಲಿ ಆಶ್ಚರ್ಯವಿಲ್ಲ.

ಆದ್ದರಿಂದ ಮೊದಲ ಸಲ ಮಾರ್ಕನ ಸುವಾರ್ತೆಯಿಂದ ಶುರುಮಾಡಿ. ಯೇಸುವಿನ ಜೀವನವನ್ನು ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ. ದಿನಕ್ಕೆ ಅರ್ಧ ಅಧ್ಯಾಯದಂತೆ ಸುಮಾರು ಒಂದು ತಿಂಗಳ ಓದು. 14ನೇ ಅಧ್ಯಾಯದಲ್ಲಿ 72 ವಚನಗಳಿವೆ, ಅದನ್ನು ಮೂರು ದಿನಕ್ಕೆ ಹಂಚಿಕೊಳ್ಳಿ. "ಇಷ್ಟೇನಾ?" ಅನ್ನಿಸುವಷ್ಟು ಕಡಿಮೆ ಇದ್ದರೇ ಒಳ್ಳೆಯದು. ಮೊದಲ ತಿಂಗಳು ಬೆಳೆಯಬೇಕಾದ್ದು ಪ್ರತಿದಿನ ಬಂದು ಕೂರುವ ರೂಢಿ. ಪುಟಗಳ ಲೆಕ್ಕವನ್ನು ಆಮೇಲೆ ನೋಡಿಕೊಳ್ಳಬಹುದು.

ಹೊತ್ತು ಮತ್ತು ಜಾಗ

"ಸಮಯ ಸಿಕ್ಕಾಗ ಓದುತ್ತೇನೆ" ಅಂದುಕೊಂಡರೆ ಸಮಯ ಸಿಗುವುದಿಲ್ಲ. ದಿನವೂ ತಪ್ಪದೆ ಮಾಡುವ ಯಾವುದಾದರೂ ಕೆಲಸದ ಬೆನ್ನಿಗೆ ಓದನ್ನು ಇಟ್ಟುಕೊಳ್ಳಿ: ಮುಖ ತೊಳೆದ ಕೂಡಲೇ, ಇಲ್ಲವೇ ರಾತ್ರಿ ಊಟವಾದ ಕೂಡಲೇ. ಬೆಳಗಿನ ಹೊತ್ತೇ ಪವಿತ್ರ ಎಂದೇನೂ ಇಲ್ಲ, ತಲೆ ಚುರುಕಾಗಿರುವ ಹೊತ್ತು ಸಾಕು. ರಾತ್ರಿ ಓದುವವರು ಹಾಸಿಗೆಯಲ್ಲಿ ಮಲಗಿ ಓದಬೇಡಿ, ಎರಡನೇ ಪುಟಕ್ಕೆ ನಿದ್ದೆ ಬರುತ್ತದೆ. ನಾಳೆಯ ಭಾಗಕ್ಕೆ ಇಂದೇ ಗುರುತಿಟ್ಟು, ಪುಸ್ತಕದೊಳಗೆ ಪೆನ್ನೊಂದನ್ನು ಸಿಕ್ಕಿಸಿಡಿ. "ಇವತ್ತು ಏನು ಓದಲಿ?" ಎಂದು ಹುಡುಕುತ್ತ ಕೂತರೆ ಇರುವ ಹದಿನೈದು ನಿಮಿಷದಲ್ಲಿ ಐದು ಅದಕ್ಕೇ ಹೋಗುತ್ತದೆ. ಮೊಬೈಲಿನಲ್ಲಿ ಓದುವವರು ಅಷ್ಟು ಹೊತ್ತು ಇಂಟರ್ನೆಟ್ ಆಫ್ ಮಾಡಲೇಬೇಕು. ಒಂದು ಮೆಸೇಜ್ ಬಂದರೆ ಆ ದಿನದ ಓದು ಮುಗಿದಂತೆಯೇ.

ಕಣ್ಣಿಗೆ ಕಷ್ಟವಾಗುವವರು ಆಡಿಯೋ ಬೈಬಲ್ ಕೇಳಲಿ. ಅದೇನೂ ಎರಡನೇ ದರ್ಜೆಯ ಓದಲ್ಲ. ಗಟ್ಟಿಯಾಗಿ ಓದುವವನನ್ನೂ ಕೇಳುವವರನ್ನೂ ಪ್ರಕಟನೆ 1:3 (1ನೇ ಅಧ್ಯಾಯ, 3ನೇ ವಚನ) ಒಟ್ಟಿಗೇ ಧನ್ಯರೆನ್ನುತ್ತದೆ.

ಹದಿನೈದು ನಿಮಿಷದಲ್ಲಿ ಏನೇನು

ಒಂದೆರಡು ನಿಮಿಷ ಪ್ರಾರ್ಥನೆ. ನಿನ್ನ ಮಾತಿನಲ್ಲಿರುವ ಅದ್ಭುತಗಳನ್ನು ಕಾಣುವಂತೆ ನನ್ನ ಕಣ್ಣು ತೆರೆ ಎಂಬ ಕೀರ್ತನೆ 119:18ರ ಬೇಡಿಕೆ ಒಂದೇ ಸಾಕು. ಆಮೇಲೆ ಭಾಗವನ್ನು ಎರಡು ಸಲ ಓದಿ, ಎರಡನೇ ಸಲ ಸ್ವರವೆತ್ತಿ. ಕಣ್ಣು ಹಾರಿಸಿಬಿಟ್ಟ ಮಾತುಗಳು ಕಿವಿಗೆ ಬೀಳುತ್ತವೆ. ಉಳಿದ ಹೊತ್ತಿನಲ್ಲಿ ಮೂರು ಪ್ರಶ್ನೆ: ಇಲ್ಲಿ ನಡೆದದ್ದೇನು? ದೇವರು ಎಂಥವನೆಂದು ಇದು ತೋರಿಸುತ್ತದೆ? ನಾನು ಇಂದು ಮಾಡಬೇಕಾದ್ದೇನು?

ಮಾರ್ಕ 2:1-12ನ್ನು ತೆಗೆದುಕೊಳ್ಳೋಣ. ಪಾರ್ಶ್ವವಾಯು ರೋಗಿಯೊಬ್ಬನನ್ನು ನಾಲ್ವರು ಹೊತ್ತು ತರುತ್ತಾರೆ, ಜನಸಂದಣಿಯಿಂದಾಗಿ ಒಳಗೆ ಹೋಗಲಾರದೆ ಚಾವಣಿ ತೆಗೆದು ಹಾಸಿಗೆ ಸಮೇತ ಇಳಿಸುತ್ತಾರೆ. ಕತೆ ಗೊತ್ತಿದೆ ಎಂದು ಓಡಬೇಡಿ. ಯೇಸು ನೋಡಿದ್ದು "ಅವರ" ನಂಬಿಕೆಯನ್ನು ಎಂದಿದೆ, ಹೊತ್ತು ತಂದವರೂ ಅದರಲ್ಲಿ ಸೇರಿದ್ದಾರೆ. ರೋಗಿ ಈ ಇಡೀ ಭಾಗದಲ್ಲಿ ಒಂದು ಮಾತೂ ಆಡುವುದಿಲ್ಲ. ಬಂದದ್ದು ಕಾಲಿಗಾಗಿ, ಮೊದಲು ಸಿಕ್ಕಿದ್ದು ಪಾಪಕ್ಷಮೆ. ಶಾಸ್ತ್ರಿಗಳು ಮನಸ್ಸಿನಲ್ಲೇ ಅಂದುಕೊಂಡದ್ದಕ್ಕೂ ಯೇಸು ಉತ್ತರ ಕೊಡುತ್ತಾನೆ. ಇಷ್ಟನ್ನು ಗಮನಿಸಿದ ಮೇಲೆ ಮೂರನೇ ಪ್ರಶ್ನೆಗೆ ಉತ್ತರ ತಾನಾಗಿ ಬರುತ್ತದೆ: ತಾನಾಗಿ ಬರಲಾರದ ಯಾರನ್ನು ನಾನು ಹೊರಬೇಕು? "ಎಲ್ಲರಿಗೂ ಸಹಾಯ ಮಾಡುತ್ತೇನೆ" ಎಂದು ಬರೆದರೆ ಏನೂ ನಡೆಯುವುದಿಲ್ಲ. ಒಬ್ಬರ ಹೆಸರು ಬರೆಯಿರಿ, ಯಾವ ಹೊತ್ತಿಗೆ ಹೋಗುತ್ತೀರಿ ಎಂಬುದನ್ನೂ ಬರೆಯಿರಿ. ಕೊನೆಗೆ ಅದನ್ನೇ ಪ್ರಾರ್ಥನೆಯಾಗಿಸಿ. ಕೇಳಿ ಮರೆಯುವವನನ್ನು ಯಾಕೋಬ 1:23-24 ಕನ್ನಡಿ ನೋಡಿ ತನ್ನ ಮುಖವನ್ನೇ ಮರೆತವನಿಗೆ ಹೋಲಿಸುತ್ತದೆ. ಆತ್ಮಿಕ ಬೆಳವಣಿಗೆ ಕಾಣುವುದು ಮೂರನೇ ಪ್ರಶ್ನೆಗೆ ಹೀಗೆ ಬರೆದ ಕೊನೆಯ ಸಾಲನ್ನು ನಡೆಸಿದಾಗ.

ಎಡವುವ ಕಡೆಗಳು

ಒಂದೇ ವಚನವನ್ನು ಕಿತ್ತು ಓದುವುದು ದೊಡ್ಡ ಅಪಾಯ. ನನ್ನನ್ನು ಬಲಪಡಿಸುವಾತನಲ್ಲಿದ್ದು ಎಲ್ಲಕ್ಕೂ ಶಕ್ತನಾಗಿದ್ದೇನೆ ಎಂಬ ಫಿಲಿಪ್ಪಿ 4:13 ಎಲ್ಲ ಗೆಲುವಿಗೂ ಅನ್ವಯಿಸುವ ಮಾತಿನಂತೆ ಕೇಳುತ್ತದೆ. 11 ಮತ್ತು 12ನ್ನು ಸೇರಿಸಿ ಓದಿದರೆ, ಕೊರತೆಯಲ್ಲೂ ಸಮೃದ್ಧಿಯಲ್ಲೂ ತೃಪ್ತನಾಗಿರಲು ಕಲಿತವನ ಮಾತು ಅದು ಎಂದು ತಿಳಿಯುತ್ತದೆ. ಅಧ್ಯಾಯಗಳ ಗಡಿಯನ್ನೂ ಪೂರ್ತಿ ನಂಬಬೇಡಿ. ಇಂದಿನ ಅಧ್ಯಾಯ ವಿಂಗಡಣೆ 13ನೇ ಶತಮಾನದ್ದು, ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯ ಈಗಿನ ವಚನಸಂಖ್ಯೆಗಳು 1551ರವು. ಯೆಶಾಯ 53ನ್ನು 52:13ರಿಂದ ಓದಬೇಕು, ಬಾಧೆಪಡುವ ಸೇವಕನ ಮಾತು ಶುರುವಾಗುವುದು ಅಲ್ಲಿಂದಲೇ.

ಒಂದು ದಿನ ತಪ್ಪಿದರೆ ಮರುದಿನ ಎರಡು ದಿನದ ಭಾಗ ಓದಬೇಡಿ. ಬಾಕಿ ಬೆಳೆಯುತ್ತದೆ, ಬಾಕಿಯ ಭಾರಕ್ಕೆ ಪುಸ್ತಕ ತೆರೆಯಲೇ ಮನಸ್ಸಾಗುವುದಿಲ್ಲ. ತಾರೀಕು ಮುದ್ರಿಸಿದ ಯೋಜನೆಗಳ ದೋಷವೇ ಇದು. ಗುರುತು ಎಲ್ಲಿದೆಯೋ ಅಲ್ಲಿಂದ ಮುಂದುವರಿಸಿ.

ಅರ್ಥವಾಗದ ವಚನದ ಪಕ್ಕ ಪ್ರಶ್ನೆ ಚಿಹ್ನೆ ಹಾಕಿ ಮುಂದೆ ಹೋಗಿ, ವಾರಕ್ಕೊಮ್ಮೆ ಸಭಾಪಾಲಕರನ್ನೋ ಬಲ್ಲವರನ್ನೋ ಕೇಳಿ. ಯೆಶಾಯನನ್ನು ಓದುತ್ತಿದ್ದ ಐಥಿಯೋಪ್ಯದ ಅಧಿಕಾರಿಯೂ ಫಿಲಿಪ್ಪನನ್ನು ರಥಕ್ಕೆ ಹತ್ತಿಸಿಕೊಂಡು ಕೇಳಿಯೇ ತಿಳಿದದ್ದು (ಅಪೊಸ್ತಲರ ಕೃತ್ಯಗಳು 8).

ಇನ್ನು, ಏನೂ ಅನ್ನಿಸದ ಒಣ ದಿನಗಳು. ಅವು ಎಲ್ಲರಿಗೂ ಬರುತ್ತವೆ. ಆಗ ಮೂರು ಪ್ರಶ್ನೆಗಳನ್ನು ಬದಿಗಿಟ್ಟು ಒಂದು ಕೀರ್ತನೆಯನ್ನು ನಿಧಾನವಾಗಿ, ನಿಮ್ಮದೇ ಪ್ರಾರ್ಥನೆಯಾಗಿ ಓದಿ. 13ನೆಯದು ಎಷ್ಟು ಕಾಲ ನನ್ನನ್ನು ಮರೆತಿರುವಿ ಎಂಬ ಪ್ರಶ್ನೆಯಿಂದ ಆರಂಭವಾಗುತ್ತದೆ. 88ನೆಯದು ಕತ್ತಲಲ್ಲೇ ಮುಗಿಯುತ್ತದೆ. ಅಂಥ ಮಾತುಗಳನ್ನೂ ದೇವರ ಮುಂದೆ ಆಡಬಹುದೆಂದು ಬೈಬಲೇ ಕಲಿಸುತ್ತದೆ. ಇಲ್ಲದ ಉತ್ಸಾಹವನ್ನು ನಟಿಸಬೇಕಿಲ್ಲ.

ಮಾರ್ಕ ಮುಗಿದ ಮೇಲೆ

ಯಾಕೋಬನ ಪತ್ರಿಕೆಯ 5 ಅಧ್ಯಾಯ, ನಂತರ ಆದಿಕಾಂಡ, ವಿಮೋಚನಕಾಂಡದ ಮೊದಲ 20 ಅಧ್ಯಾಯ, ಅಪೊಸ್ತಲರ ಕೃತ್ಯಗಳು. ಜೊತೆಗೆ ದಿನಕ್ಕೊಂದು ಕೀರ್ತನೆ. 150 ಕೀರ್ತನೆಗಳಿಗೆ ಐದು ತಿಂಗಳು ಚಿಲ್ಲರೆ. 176 ವಚನಗಳ 119ನ್ನು ದಿನಕ್ಕೆ ಎಂಟು ವಚನದಂತೆ 22 ದಿನ ಓದಿ, ಅದರ ರಚನೆಯೇ ಹಾಗಿದೆ. ಯಾಜಕಕಾಂಡಕ್ಕೆ ಆಮೇಲೆ ಬನ್ನಿ: 16ನೇ ಅಧ್ಯಾಯದ ದೋಷಪರಿಹಾರಕ ದಿನವನ್ನು (ಜನರ ಪಾಪಗಳಿಗಾಗಿ ಬಲಿ ಕೊಡುವ ದಿನ) ಇಬ್ರಿಯ 9 ಮತ್ತು 10ರ ಜೊತೆಗಿಟ್ಟು ಓದಿದರೆ ಬೇಸರ ತಂದ ಗ್ರಂಥವೇ ಕ್ರಿಸ್ತನ ಬಲಿಯನ್ನು ವಿವರಿಸತೊಡಗುತ್ತದೆ. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬ ಆಜ್ಞೆಯೂ ಅದೇ ಗ್ರಂಥದ 19:18ರಲ್ಲಿದೆ.

ಹೊಸ ಒಡಂಬಡಿಕೆಯನ್ನು ಪೂರ್ತಿ ಓದಬೇಕೆನ್ನುವವರಿಗೆ ಲೆಕ್ಕ ಸುಲಭ. ಅದರಲ್ಲಿ 260 ಅಧ್ಯಾಯಗಳಿವೆ: ವಾರಕ್ಕೆ ಐದು ದಿನ, ದಿನಕ್ಕೊಂದರಂತೆ 52 ವಾರ. ಉಳಿದ ಎರಡು ದಿನಗಳಲ್ಲಿ ಒಂದು, ತಪ್ಪಿದ ಓದಿಗೆ. ಇನ್ನೊಂದು ದಿನ ಸ್ನೇಹಿತರೊಬ್ಬರ ಜೊತೆ ಕೂತು, ಆ ವಾರ ಬರೆದುಕೊಂಡ ಕೊನೆಯ ಸಾಲುಗಳಲ್ಲಿ ಯಾವುದನ್ನು ನಡೆಸಿದಿರಿ, ಯಾವುದು ಉಳಿಯಿತು ಎಂದು ಹೇಳಿಕೊಳ್ಳಿ.