ಸುರುಳಿ ಮೀಸೆಯ ಇಲಿ, ನನ್ನ ತಪ್ಪು ಲೆಕ್ಕ

ಮೈಸೂರಿನ ಲ್ಯಾಬಿಗೆ ಸೇರಿದ ಹೊಸದರಲ್ಲಿ ನಮ್ಮ ಗೈಡ್ ಸುರುಳಿ ಮೀಸೆಯ ಇಲಿಗಳನ್ನು ಕೊಟ್ಟರು. "ಇದು ವೇವ್ಡ್-1ಓ ವೇವ್ಡ್-2ಓ, ನೀವೇ ಕಂಡುಹಿಡಿಯಿರಿ" ಅಂದರು. ಎರಡೂ ಮೀಸೆ ಸುರುಳಿ ಮಾಡುವ ಜೀನ್ ದೋಷಗಳು, ನೋಡೋಕೆ ಒಂದೇ ಥರ. ಆದರೆ ಮೊದಲನೆಯದರ ಜೀನ್ 6ನೇ ಕ್ರೋಮೋಸೋಮಿನಲ್ಲಿದೆ, ಎರಡನೆಯದು 11ರಲ್ಲಿ. ಫೋನಿನಲ್ಲಿ ಹೇಳಿದಾಗ ಮಂಡ್ಯದಿಂದ ಅಮ್ಮ, "ಇಲಿ ಮೀಸೆ ನೋಡೋಕೇನ್ಲಾ ಇಷ್ಟು ಓದಿದ್ದು?" ಅಂದಳು.

ಇವನ್ನು ಕ್ಯಾಸ್ಟ್ ಎಂಬ ಇನ್ನೊಂದು ಇಲಿ ತಳಿಯ ಜೊತೆ ಕೂಡಿಸಿದೆ. ಕ್ಯಾಸ್ಟ್ ಮೂಲತಃ ಥಾಯ್ಲೆಂಡಿನದು. ಪಂಜರದ ಮುಚ್ಚಳ ತೆಗೆದರೆ ಚಂಗನೆ ಹಾರುತ್ತದೆ! ಅದರ ಡಿಎನ್‌ಎ ಮಾಮೂಲಿ ಲ್ಯಾಬ್ ಇಲಿಗಿಂತ ತುಂಬಾ ಬೇರೆ, ನಮಗೆ ಬೇಕಾದದ್ದೂ ಅದೇ. ತಂದೆ ತಾಯಿ ಇಬ್ಬರಿಂದಲೂ ದೋಷದ ಜೀನ್ ಬಂದರೆ ಮಾತ್ರ ಸುರುಳಿ, ಹಾಗಾಗಿ ಮರಿಗಳಿಗೆಲ್ಲ ನೇರ ಮೀಸೆ. ಅವನ್ನೇ ಮತ್ತೆ ಕೂಡಿಸಿದರೆ ನಾಲ್ಕರಲ್ಲಿ ಒಂದಕ್ಕೆ ಸುರುಳಿ. ಅಂಥವು 25 ಸಿಕ್ಕಿದವು.

ಡಿಎನ್‌ಎಯಲ್ಲಿ ಸಿಎ-ಸಿಎ-ಸಿಎ ಎಂದು ಮರುಕಳಿಸುವ ಜಾಗಗಳಿವೆ. ಆ ಸಾಲಿನ ಉದ್ದ ತಳಿಯಿಂದ ತಳಿಗೆ ಬೇರೆ, ಅದಕ್ಕೇ ಅವು ಗುರುತು, ಅಂದರೆ ಮಾರ್ಕರ್. ಬಾಲದ ತುದಿಯಿಂದ ಡಿಎನ್‌ಎ ತೆಗೆದು, ಪಿಸಿಆರ್ ಮಾಡಿ (ಆ ಜಾಗದ ಪ್ರತಿಗಳನ್ನು ಹೆಚ್ಚಿಸಿ), 4% ಅಗರೋಸ್ ಜೆಲ್‌ನಲ್ಲಿ ಓಡಿಸಿದೆ. ಉದ್ದಕ್ಕೆ ತಕ್ಕಂತೆ ಬೇರೆ ಬೇರೆ ಗೆರೆ, ಅಂದರೆ ಬ್ಯಾಂಡ್, ಕಾಣುತ್ತದೆ. ಜೆಲ್ ಓಡುವಷ್ಟರಲ್ಲಿ ಕುಕ್ಕರಹಳ್ಳಿ ಕೆರೆಗೆ ಒಂದು ಸುತ್ತು. 6ರ ಮಾರ್ಕರಿನಲ್ಲಿ ಎರಡೂ ತಳಿಯ ಬ್ಯಾಂಡ್ ಕಲಸುಮೇಲೋಗರ. 11ರಲ್ಲಿ ಮಾತ್ರ ಹೆಚ್ಚುಕಮ್ಮಿ ಎಲ್ಲಕ್ಕೂ ಸುರುಳಿ ತಳಿಯ ಒಂದೇ ಬ್ಯಾಂಡ್. ಜೀನಿನ ಹತ್ತಿರದ ಮಾರ್ಕರ್ ಅದರ ಜೊತೆಗೇ ಮರಿಗೆ ಹೋಗುತ್ತದೆ. ಅಂದರೆ ಇದು ವೇವ್ಡ್-2, ಇಜಿಎಫ್‌ಆರ್ ಎಂಬ ಜೀನ್.

ಆದರೆ ಒಂದು ಹೆಣ್ಣಿಲಿ ಲೆಕ್ಕಕ್ಕೇ ಬರಲಿಲ್ಲ. ಜೀನಿನ ಆಚೆ ಈಚೆ ಮೂರು ಮಾರ್ಕರಿನಲ್ಲೂ ಎರಡೆರಡು ಬ್ಯಾಂಡ್, ಒಂದು ಸುರುಳಿ ತಳಿಯದು, ಒಂದು ಕ್ಯಾಸ್ಟಿನದು. ರೀಕಾಂಬಿನೇಷನ್ (ಜೋಡಿ ಕ್ರೋಮೋಸೋಮುಗಳು ತುಂಡು ಅದಲುಬದಲು ಮಾಡಿಕೊಳ್ಳುವುದು) ಆಗಿದ್ದರೆ ಎಲ್ಲೋ ಒಂದು ಕಡೆ ಬದಲಾಗಬೇಕು, ಅಲ್ವಾ? ಟ್ಯೂಬ್ ಅದಲುಬದಲಾಯಿತೇನೋ ಅಂತ ಮತ್ತೆ ಬಾಲದಿಂದಲೇ ಶುರು ಮಾಡಿದೆ. ಅದೇ ಉತ್ತರ.

ಕೊನೆಗೆ ನೋಟ್‌ಬುಕ್ ತಿರುವಿದೆ. ಆ ಇಲಿಯ ಮೀಸೆ ನೋಡಿದ್ದು ನಾಲ್ಕನೇ ವಾರದಲ್ಲಿ. ಪಂಜರದ ಜೊತೆಗಾರರು ಮೀಸೆ ಕಚ್ಚಿ ಬೋಳಿಸುವುದು ಇಲಿಗಳಲ್ಲಿ ಮಾಮೂಲು. ಉಳಿದಿದ್ದ ಎರಡು ಮೋಟು ಕೂದಲು ಸೊಟ್ಟಗಿದ್ದವು, ನಾನು ಸುಮ್ನೆ "ಸುರುಳಿ" ಅಂತ ಬರೆದಿದ್ದೆ!

ಅದನ್ನು ಸುರುಳಿ ಮೀಸೆಯ ಗಂಡಿನ ಜೊತೆ ಬಿಟ್ಟೆ. ಅದೂ ನಿಜವಾಗಿ ಸುರುಳಿಯದೇ ಆಗಿದ್ದರೆ ಮರಿಗಳೆಲ್ಲ ಸುರುಳಿಯಾಗಬೇಕು. ಮೂರು ವಾರಕ್ಕೆ ಏಳು ಮರಿ. ಈ ಸಲ ಒಂದು ವಾರಕ್ಕೇ ಲೆನ್ಸ್ ಹಿಡಿದು ಕೂತೆ. ನಾಲ್ಕಕ್ಕೆ ನೇರ ಮೀಸೆ. ಹೆಣ್ಣಿಲಿಯನ್ನು ಪಟ್ಟಿಯಿಂದ ಹೊಡೆದುಹಾಕಿದೆ. ಉಳಿದ 24ರಲ್ಲಿ ತಲಾ ಎರಡರಂತೆ 48 ಹನ್ನೊಂದನೇ ಕ್ರೋಮೋಸೋಮುಗಳಲ್ಲಿ ಒಂದೇ ಒಂದು ರೀಕಾಂಬಿನೇಷನ್. ಅಂದರೆ ಮಾರ್ಕರಿನಿಂದ ಜೀನಿಗೆ ಸುಮಾರು 2 ಸೆಂಟಿಮಾರ್ಗನ್ ದೂರ (ನೂರಕ್ಕೆ ಒಂದು ರೀಕಾಂಬಿನೇಷನ್ ಆದರೆ ಒಂದು ಸೆಂಟಿಮಾರ್ಗನ್).