ಮನೆಯ ಸುತ್ತಲಿನ ಜೇಡಗಳನ್ನು ಹುಡುಕಿ ಚಿತ್ರ ತೆಗೆಯುವುದು ಹೇಗೆ?

ಜೇಡಗಳ ಚಿತ್ರ ತೆಗೆಯಬೇಕೆಂಬ ಆಸೆ ಹುಟ್ಟಿದವರು ಸಾಮಾನ್ಯವಾಗಿ ಮೊದಲು ಕ್ಯಾಮೆರಾ ಅಂಗಡಿಗೆ ಹೋಗುತ್ತಾರೆ, ಆಮೇಲೆ ಬನ್ನೇರುಘಟ್ಟದ ಕಡೆಗೋ ಪಶ್ಚಿಮಘಟ್ಟದ ಕಡೆಗೋ ಹೊರಡುತ್ತಾರೆ. ಎರಡಕ್ಕೂ ಅವಸರ ಬೇಡ. ಬೆಂಗಳೂರಿನ 30×40 ಸೈಟಿನ ಸಾಧಾರಣ ಮನೆಯ ಕಾಂಪೌಂಡ್ ಗೋಡೆ, ನಾಲ್ಕಾರು ಹೂಕುಂಡ, ಮುಂದಿನ ಹೊಂಗೆ ಮರ ಮತ್ತು ಬೀದಿದೀಪ, ಇಷ್ಟಿದ್ದರೆ ಹಲವು ಕುಟುಂಬಗಳಿಗೆ ಸೇರಿದ ಜೇಡಗಳು ಸಿಗುತ್ತವೆ. ಜಗತ್ತಿನಲ್ಲಿ ಇದುವರೆಗೆ ಗುರುತಿಸಲಾದ ಜೇಡ ಪ್ರಭೇದಗಳ ಸಂಖ್ಯೆ 2022ರಲ್ಲೇ 50,000 ದಾಟಿತು. ಅವುಗಳಲ್ಲಿ ಬಹಳಷ್ಟು ಬೆರಳುಗುರಿಗಿಂತ ಚಿಕ್ಕವು. ಕಾಣಿಸದಿರಲು ಅವು ಅಪರೂಪವಾಗಿರುವುದು ಕಾರಣವಲ್ಲ, ನಾವು ನಿಂತು ನೋಡದಿರುವುದು ಕಾರಣ. ಆದ್ದರಿಂದ ಮೊದಲು ಕಲಿಯಬೇಕಾದದ್ದು ಜೇಡದ ದಿನಚರಿಯನ್ನು. ಅದು ಯಾವ ಹೊತ್ತಿನಲ್ಲಿ ಎಲ್ಲಿರುತ್ತದೆ ಎಂಬುದು ತಿಳಿದರೆ ಅರ್ಧ ಚಿತ್ರ ತೆಗೆದಂತೆಯೇ.

ಹಗಲಿನ ಹುಡುಕಾಟ

ಬಿಸಿಲು ಬೀಳುವ ಗೋಡೆಯೊಂದನ್ನು ಆರಿಸಿಕೊಂಡು ಬೆಳಿಗ್ಗೆ ಒಂಬತ್ತು ಹತ್ತರ ಸುಮಾರಿಗೆ ಅದರ ಮುಂದೆ ಸುಮ್ಮನೆ ನಿಲ್ಲಿ. ನೊಣ ಕೂತ ಜಾಗದಿಂದ ಒಂದು ಗೇಣು ದೂರದಲ್ಲಿ, ಬಲೆಯೇ ಇಲ್ಲದೆ, ನಿಂತು ನಿಂತು ಓಡುವ ಬೂದುಬಣ್ಣದ ಪುಟ್ಟ ಜೀವಿ ಕಂಡರೆ ಅದು ನೆಗೆಯುವ ಜೇಡ. ನಮ್ಮ ಗೋಡೆಗಳಲ್ಲಿ ಹೆಚ್ಚಾಗಿ ಸಿಗುವುದು ಮೆನೆಮೆರಸ್ ಬೈವಿಟೇಟಸ್; ಮನೆಯೊಳಗೂ ಹೊರಗೂ ಓಡಾಡುವ, ಕಪ್ಪು ಮೈಯ ಮೇಲೆ ಬಿಳಿ ಪಟ್ಟೆಗಳಿರುವ ಗಂಡು ಜೇಡ ಕಂಡರೆ ಅದು ಬಹುಶಃ ಪ್ಲೆಕ್ಸಿಪಸ್ ಪೈಕುಲಿ. ಹೊಸಬರು ಚಿತ್ರ ತೆಗೆಯಲು ಇವುಗಳಿಗಿಂತ ಒಳ್ಳೆಯ ಆರಂಭವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಎಂಟು ಕಣ್ಣುಗಳಲ್ಲಿ ಮುಂದಿನ ಎರಡು ದೊಡ್ಡವು. ಅವು ನಿಮ್ಮನ್ನು ನಿಜವಾಗಿಯೂ ನೋಡುತ್ತವೆ. ನೀವು ಲೆನ್ಸನ್ನು ನಿಧಾನವಾಗಿ ಮುಂದೆ ತಂದರೆ ಓಡಿಹೋಗುವ ಬದಲು ಮೈ ತಿರುಗಿಸಿ ಎದುರಾಗುತ್ತದೆ, ಒಮ್ಮೊಮ್ಮೆ ಲೆನ್ಸಿನ ಮೇಲೆಯೇ ಹಾರಿ ಕೂರುತ್ತದೆ. ನೆಗೆಯುವ ಮುನ್ನ ಒಂದು ಎಳೆಯನ್ನು ಗೋಡೆಗೆ ಅಂಟಿಸಿಕೊಳ್ಳುವುದರಿಂದ ಗುರಿ ತಪ್ಪಿದರೂ ಅದು ನೆಲಕ್ಕೆ ಬೀಳುವುದಿಲ್ಲ. ಪಕ್ಕದಿಂದ ಬೆಳಕು ಬಿದ್ದಾಗ ಆ ಎಳೆ ಚಿತ್ರದಲ್ಲಿಯೂ ಮೂಡುತ್ತದೆ.

ಗೋಡೆಯ ನಂತರ ಹೂಗಿಡಗಳಿಗೆ ಬನ್ನಿ. ನಂದಿಬಟ್ಟಲು, ಸೇವಂತಿಗೆ ಅಥವಾ ಲಂಟಾನದ ಹೂವಿನ ಮೇಲೆ ಜೇನುನೊಣವೋ ಚಿಟ್ಟೆಯೋ ಅಲುಗಾಡದೆ ವಾರೆಯಾಗಿ ಜೋತುಬಿದ್ದಿದ್ದರೆ ಅದರ ಕೆಳಗೆ ಏಡಿ ಜೇಡವಿದೆಯೇ ಎಂದು ಹುಡುಕಬೇಕು. ಬಿಳಿಯ ಅಥವಾ ಹಳದಿಯ ಮೈ ದಳದ ಬಣ್ಣದಲ್ಲಿ ಸೇರಿಹೋಗಿರುವುದರಿಂದ ಜೇಡವನ್ನು ಹುಡುಕುವುದಕ್ಕಿಂತ ಅದರ ಬೇಟೆಯನ್ನು ಹುಡುಕುವುದು ಸುಲಭ. ಕ್ರೋಟನ್ ಗಿಡಗಳ ನಡುವೆ ಕಸಕಡ್ಡಿಗಳ ಉದ್ದನೆಯ ಸಾಲೊಂದು ಗಾಳಿಯಲ್ಲಿ ತೇಲುತ್ತಿರುವಂತೆ ಕಂಡರೆ ಅದನ್ನು ಒರೆಸಿಹಾಕಬೇಡಿ. ತಿಂದುಳಿದ ಹುಳುಗಳ ಚೂರುಗಳನ್ನು ಬಲೆಯ ನಡುವೆ ಸಾಲಾಗಿ ಪೋಣಿಸಿ, ಅದರ ಮಧ್ಯೆ ತಾನೂ ಒಂದು ಚೂರಾಗಿ ಕೂರುವ ಸೈಕ್ಲೋಸಾ ಜಾತಿಯ ಜೇಡ ಅಲ್ಲಿರುತ್ತದೆ.

ಮಾವು, ಸಪೋಟ ಅಥವಾ ಹೊಂಗೆಯ ಎಲೆಗಳನ್ನು ಹೆಣೆದು ಚಗಳಿ ಇರುವೆಗಳು ಗೂಡು ಕಟ್ಟಿರುವ ಕಡೆ ಇನ್ನಷ್ಟು ತಾಳ್ಮೆ ಬೇಕು. ಆ ಕೆಂಪಿರುವೆಗಳ ಓಡಾಟದ ಅಂಚಿನಲ್ಲಿ, ಗುಂಪಿಗೆ ಸೇರದೆ ಒಂಟಿಯಾಗಿ ಅಡ್ಡಾಡುವ ‘ಇರುವೆ’ಯೊಂದು ಕಂಡರೆ ಅದರ ಕಾಲುಗಳನ್ನು ಎಣಿಸಿ. ಆರು ಕಾಲುಗಳಿಂದ ನಡೆಯುತ್ತ, ಮುಂದಿನ ಎರಡನ್ನು ಎತ್ತಿ ಮೀಸೆಯಂತೆ ಆಡಿಸುತ್ತಿದ್ದರೆ ಅದು ಇರುವೆಯಲ್ಲ, ಇರುವೆಯ ವೇಷದ ಜೇಡ ಮಿರ್ಮಾಪ್ಲಾಟಾ ಪ್ಲಾಟಲಿಯಾಯ್ಡಿಸ್. ಗಂಡಿನ ದವಡೆ ಎಷ್ಟು ಮುಂಚಾಚಿರುತ್ತದೆ ಎಂದರೆ, ಒಂದು ಇರುವೆ ಮತ್ತೊಂದು ಇರುವೆಯನ್ನು ಕಚ್ಚಿಕೊಂಡು ಸಾಗಿಸುತ್ತಿದೆ ಎಂದೇ ಭ್ರಮೆಯಾಗುತ್ತದೆ. ಬೆರಳನ್ನು ಹತ್ತಿರ ತಂದಾಗ ಅದು ಎಲೆಯ ಅಂಚಿನಿಂದ ನೂಲಿನಲ್ಲಿ ಕೆಳಗಿಳಿದರೆ ಸಂಶಯ ಪೂರ್ತಿ ಪರಿಹಾರವಾಗುತ್ತದೆ. (ನಿಜವಾದ ಚಗಳಿ ಕಚ್ಚಿದರೆ ಉರಿ ಚೆನ್ನಾಗಿಯೇ ಹತ್ತುತ್ತದೆ, ಕೊಂಬೆಗೆ ಮೈ ತಾಗಿಸಬೇಡಿ.)

ಇದಕ್ಕೆಲ್ಲ ಒಳ್ಳೆಯ ಕಾಲ ಮಳೆಗಾಲದ ಕೊನೆಯಿಂದ ಡಿಸೆಂಬರ್‌ವರೆಗೆ. ಬೇಸರದ ಸಂಗತಿಯೆಂದರೆ, ಆಯುಧಪೂಜೆ ಮತ್ತು ದೀಪಾವಳಿಯ ಮನೆ ಜಾಡಿಸುವ ಕಾರ್ಯಕ್ರಮವೂ ಇದೇ ಕಾಲಕ್ಕೆ ಬರುತ್ತದೆ. ಮನೆಯಲ್ಲಿ ಜೇಡ ಕಟ್ಟಬಾರದು ಎನ್ನುವ ಹಿರಿಯರೊಡನೆ ವಾದ ಮಾಡಿ ಗೆಲ್ಲುವುದು ಕಷ್ಟ; ಮೆಟ್ಟಿಲ ಕೆಳಗಿನ ಒಂದು ಮೂಲೆಯನ್ನಾದರೂ ಬಿಡಿಸಿಕೊಳ್ಳಿ. ಅಲ್ಲಿರುವ ಉದ್ದಕಾಲಿನ ಜೇಡಗಳನ್ನು ಮುಟ್ಟಿದರೆ ಮೈ ಮಸುಕಾಗಿ ಕಾಣುವಷ್ಟು ವೇಗವಾಗಿ ಅದುರುತ್ತವೆ. ಹೆಣ್ಣು ತನ್ನ ಮೊಟ್ಟೆಗಳನ್ನು ತೆಳ್ಳನೆಯ ನೂಲಿನಲ್ಲಿ ಸುತ್ತಿ ಬಾಯಲ್ಲೇ ಹಿಡಿದುಕೊಂಡಿರುತ್ತದೆ. ಒಂದೊಂದು ಮೊಟ್ಟೆಯೂ ಬಿಡಿಬಿಡಿಯಾಗಿ ಕಾಣುವ ಆ ದೃಶ್ಯಕ್ಕಾಗಿ ಮೂಲೆ ಉಳಿಸಿಕೊಂಡದ್ದು ಸಾರ್ಥಕ. ಅಪಾರ್ಟ್‌ಮೆಂಟಿನವರು ಕೀಟನಾಶಕ ಸಿಂಪಡಿಸಿದ ಬೆನ್ನಿಗೇ ಹುಡುಕಲು ಇಳಿಯುವುದು ವ್ಯರ್ಥ.

ಕತ್ತಲಾದ ಮೇಲೆ

ಬೀದಿದೀಪದ ಬಳಿಯ ಗಿಡಗಳನ್ನು ಮುಸ್ಸಂಜೆಯಲ್ಲಿ ನೋಡಿಕೊಂಡಿರಿ. ನಿಯೋಸ್ಕೋನಾದಂತಹ ಚಕ್ರಾಕಾರದ ಬಲೆ ನೇಯುವ ಹಲವು ಜೇಡಗಳು ಸಂಜೆ ಹೊಸ ಬಲೆ ಕಟ್ಟಿ ಬೆಳಗಾಗುವುದರೊಳಗೆ ಅದನ್ನು ತಿಂದು ಮುಗಿಸುತ್ತವೆ. ಮೊದಲು ಚೌಕಟ್ಟು, ಆಮೇಲೆ ನಡುವಿನಿಂದ ಹೊರಗೆ ಚಾಚುವ ಎಳೆಗಳು, ಅವುಗಳ ಮೇಲೆ ಒಳಗಿನಿಂದ ಹೊರಕ್ಕೆ ಅಂಟಿಲ್ಲದ ತಾತ್ಕಾಲಿಕ ಸುರುಳಿ. ಕೊನೆಗೆ ಅದನ್ನು ಬಿಚ್ಚುತ್ತ ಹೊರಗಿನಿಂದ ಒಳಕ್ಕೆ ಅಂಟಿನ ಸುರುಳಿ. ಹಿಂಗಾಲು ಪ್ರತಿ ಬಾರಿಯೂ ಎಳೆಯನ್ನು ಎಳೆದು, ಅಳೆದು, ಒತ್ತಿ ಅಂಟಿಸುವ ಕ್ರಮ ಒಮ್ಮೆ ಗೊತ್ತಾದರೆ ಮುಂದಿನ ಹೆಜ್ಜೆಗೆ ಕ್ಯಾಮೆರಾವನ್ನು ಮೊದಲೇ ಹೊಂದಿಸಿಡಬಹುದು.

ಹುಲ್ಲಿರುವ ಜಾಗದಲ್ಲಿ ಟಾರ್ಚನ್ನು ಸೊಂಟದ ಮಟ್ಟದಲ್ಲಿ ಹಿಡಿಯದೆ ಕಣ್ಣಿನ ಪಕ್ಕಕ್ಕೆ, ಕಪಾಲಕ್ಕೆ ಒತ್ತಿ ಹಿಡಿದು ನೋಡಿ. ತೋಳ ಜೇಡದ ಕಣ್ಣೊಳಗಿನ ಪದರ ಬೆಳಕನ್ನು ಬಂದ ದಾರಿಯಲ್ಲೇ ಹಿಂದಿರುಗಿಸುವುದರಿಂದ ಅಲ್ಲಲ್ಲಿ ಹಸಿರು ಚುಕ್ಕಿಗಳು ಹೊಳೆಯುತ್ತವೆ. ಬಗ್ಗಿ ನೋಡಿದರೆ ಬೆನ್ನಿನ ಮೇಲೆ ಮರಿಗಳ ರಾಶಿಯನ್ನೇ ಹೊತ್ತ ತಾಯಿಯೂ ಸಿಗಬಹುದು. ಹಾವುಗಳಿಗೂ ಇದೇ ಹೊತ್ತು ಪ್ರಿಯವಾದದ್ದು. ಬೂಟಿಲ್ಲದೆ ಖಾಲಿ ಸೈಟಿಗೆ ಕಾಲಿಡಬೇಡಿ.

ಸ್ನಾನದ ಮನೆಯಲ್ಲೋ ಕ್ಯಾಲೆಂಡರಿನ ಹಿಂದೆಯೋ ಕಂಡು ಮನೆಮಂದಿಯನ್ನು ಬೆಚ್ಚಿಬೀಳಿಸುವ ಅಂಗೈಯಗಲದ ಜೇಡ ಹೆಟೆರೊಪೊಡಾ ವೆನಟೋರಿಯಾ. ಅದು ಬಲೆ ನೇಯುವುದಿಲ್ಲ, ಜಿರಳೆ ಹಿಡಿದು ತಿನ್ನುತ್ತದೆ. ಹೆಣ್ಣಾದರೆ ಅಂಗಿಯ ದೊಡ್ಡ ಗುಂಡಿಯಂತಹ ಬಿಳಿ ಮೊಟ್ಟೆಚೀಲವನ್ನು ಹೊಟ್ಟೆಯಡಿ ಹಿಡಿದಿರುತ್ತದೆ. ಕೈಯಲ್ಲಿ ಹಿಡಿಯಲು ಹೋದರೆ ಕಚ್ಚಬಹುದು, ನೋಯುತ್ತದೆ, ಪ್ರಾಣಭಯವಿಲ್ಲ.

ಬೆಳಕು ಮತ್ತು ಫೋಕಸ್

ಮೊಬೈಲ್ ಸಾಕು. ಅದರ ವೈಡ್ ಲೆನ್ಸಿನ ಮ್ಯಾಕ್ರೋ ಸೌಲಭ್ಯ ಬಳಸಿದರೆ ತೀರಾ ಹತ್ತಿರ ಹೋಗಬೇಕಾಗುತ್ತದೆ, ಮೊಬೈಲಿನ ನೆರಳೇ ಜೇಡದ ಮೇಲೆ ಬೀಳುತ್ತದೆ. ಮುಖ್ಯ ಲೆನ್ಸಿಗೆ ಕ್ಲಿಪ್ ಹಾಕುವ ಮ್ಯಾಕ್ರೋ ಲೆನ್ಸ್ ಇದಕ್ಕಿಂತ ಮೇಲು. ಪರದೆಯ ಮೇಲೆ ಜೇಡದ ಕಣ್ಣನ್ನು ಒತ್ತಿ ಹಿಡಿದು ಫೋಕಸನ್ನು ಅಲ್ಲಿಗೇ ನಿಲ್ಲಿಸಿ, ಬೆಳಕನ್ನು ಸ್ವಲ್ಪ ತಗ್ಗಿಸಿ, ನಂತರ ಮೊಬೈಲನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತ ಒಂದರ ಹಿಂದೊಂದು ಚಿತ್ರ ತೆಗೆಯಿರಿ.

ಕ್ಯಾಮೆರಾ ಇರುವವರಿಗೆ 90 ಅಥವಾ 100 ಮಿ.ಮೀ. ಮ್ಯಾಕ್ರೋ ಲೆನ್ಸ್ ಅನುಕೂಲ. ವಸ್ತುವಿನಷ್ಟೇ ದೊಡ್ಡ ಬಿಂಬ ಸೆನ್ಸರಿನ ಮೇಲೆ ಬೀಳುವಾಗ, ಅಪರ್ಚರನ್ನು (ಬೆಳಕು ಒಳಬರುವ ಕಿಂಡಿಯನ್ನು) ಎಫ್/11ರಷ್ಟು ಕಿರಿದಾಗಿಸಿದರೂ ಸ್ಪಷ್ಟವಾಗಿ ಮೂಡುವ ಆಳ ಸುಮಾರು ಒಂದು ಮಿಲಿಮೀಟರ್ ಮಾತ್ರ. ಆದ್ದರಿಂದ ಆಟೋಫೋಕಸ್ ಬಿಟ್ಟು, ಫೋಕಸ್ ದೂರವನ್ನು ಸ್ಥಿರವಾಗಿಟ್ಟು, ಉಸಿರು ಬಿಗಿಹಿಡಿದು ಮೈಯನ್ನೇ ಮುಂದಕ್ಕೆ ವಾಲಿಸಿ ಕಣ್ಣು ಸ್ಪಷ್ಟವಾದ ಕ್ಷಣಕ್ಕೆ ಗುಂಡಿ ಒತ್ತಬೇಕು. ಎಫ್/8ರಿಂದ ಎಫ್/11, ಶಟರ್ 1/200, ಐಎಸ್‌ಒ 200, ಜೊತೆಗೆ ಫ್ಲ್ಯಾಶ್: ಆರಂಭಕ್ಕೆ ಇಷ್ಟು ಸರಿಹೋಗುತ್ತದೆ. ಬರಿಯ ಫ್ಲ್ಯಾಶ್ ಮಾತ್ರ ಬೇಡವೇ ಬೇಡ. ಹೊಳೆಯುವ ಕಣ್ಣುಗಳಲ್ಲಿ ಬಿಳಿಯ ಚುಕ್ಕೆ ಎದ್ದು ನಿಲ್ಲುತ್ತದೆ, ಮೈಯ ರೋಮಗಳು ಸುಟ್ಟಂತೆ ಕಾಣುತ್ತವೆ. ಸಾಮಾನು ಸುತ್ತಿ ಬರುವ ತೆಳ್ಳನೆಯ ಬಿಳಿ ಫೋಮ್ ಹಾಳೆಯನ್ನು ಬಗ್ಗಿಸಿ ಫ್ಲ್ಯಾಶಿನ ಮುಂದೆ, ಜೇಡಕ್ಕೆ ಆದಷ್ಟು ಹತ್ತಿರ ಬರುವಂತೆ ಕಟ್ಟಿಕೊಂಡರೆ ಬೆಳಕನ್ನು ಹರಡಿ ಮೃದುವಾಗಿಸುವ ದುಬಾರಿ ಡಿಫ್ಯೂಸರಿನ ಅಗತ್ಯ ಬೀಳುವುದಿಲ್ಲ.

ಬಲೆಯ ಚಿತ್ರಕ್ಕೆ ಫ್ಲ್ಯಾಶ್ ಬೇಡ, ಎದುರು ಬಿಸಿಲು ಬೇಕು. ಗಾಳಿ ಏಳುವ ಮೊದಲು, ಸೂರ್ಯ ಬಲೆಯ ಹಿಂದಿರುವಾಗ, ಒಂದೂವರೆ ಅಡಿ ಹಿಂದೆ ಕಡುಬಣ್ಣದ ಬಟ್ಟೆಯನ್ನೋ ಕೊಡೆಯನ್ನೋ ಯಾರಾದರೂ ಹಿಡಿದು ನಿಂತರೆ ಎಳೆಗಳೆಲ್ಲ ಬಿಡಿಸಿ ಕಾಣುತ್ತವೆ. ಅಂಕುಡೊಂಕು ಬಿಳಿ ಪಟ್ಟಿಗಳ ನಡುವೆ ಕಾಲುಗಳನ್ನು ಜೋಡಿ ಜೋಡಿಯಾಗಿ ಚಾಚಿ ತಲೆಕೆಳಗಾಗಿ ಕೂರುವ ಸಹಿ ಜೇಡ, ಅಂದರೆ ಆರ್ಜಿಯೋಪ್, ಇಂತಹ ಚಿತ್ರಕ್ಕೆ ಹೇಳಿಮಾಡಿಸಿದ್ದು. ಅದೇ ಬಲೆಯ ಅಂಚಿನಲ್ಲಿ ಕಂದುಬಣ್ಣದ ಪುಟ್ಟ ಗಂಡನ್ನು ಹುಡುಕಲು ಮರೆಯಬೇಡಿ. ಇಬ್ಬನಿಯ ಸೊಗಸಿಗಾಗಿ ಬಲೆಗೆ ನೀರು ಚಿಮುಕಿಸುವ ಅಭ್ಯಾಸ ನನಗೆ ಒಪ್ಪಿಗೆಯಿಲ್ಲ. ಜೇಡ ಅಲುಗಾಡದಿರಲೆಂದು ಡಬ್ಬಿಯಲ್ಲಿಟ್ಟು ಫ್ರಿಜ್ಜಿಗೆ ಸೇರಿಸುವುದಂತೂ ಹಿಂಸೆ. ಮೊಟ್ಟೆಚೀಲ ಕಾಯುತ್ತಿರುವ ಹೆಣ್ಣನ್ನು ಜಾಗದಿಂದ ಕದಲಿಸಬಾರದು.

ಹೆಸರು ಪತ್ತೆ

ಒಂದು ಜೇಡಕ್ಕೆ ಮೂರು ಚಿತ್ರಗಳಾದರೂ ಇರಲಿ: ಬೆನ್ನಿನ ಭಾಗ, ಮುಖ, ಸಾಧ್ಯವಾದರೆ ಹೊಟ್ಟೆಯ ಕೆಳಭಾಗ. ಕುಟುಂಬವನ್ನು ಹೇಳುವುದು ಬಣ್ಣಕ್ಕಿಂತ ಹೆಚ್ಚಾಗಿ ಕಣ್ಣುಗಳ ಜೋಡಣೆ. ಮುಂದೆ ಎರಡು ದೊಡ್ಡ ಕಣ್ಣುಗಳಿದ್ದರೆ ನೆಗೆಯುವ ಜೇಡ. ಕೆಳಗೆ ನಾಲ್ಕು ಚಿಕ್ಕವು, ಅವುಗಳ ಮೇಲೆ ಎರಡು ದೊಡ್ಡವು, ಇನ್ನೂ ಹಿಂದೆ ಎರಡು ಇದ್ದರೆ ತೋಳ ಜೇಡ. ಎಂಟರಲ್ಲಿ ಆರು ಕಣ್ಣುಗಳು ಷಟ್ಕೋನದಂತೆ ಕೂಡಿದ್ದು ಕಾಲುಗಳ ತುಂಬ ಮುಳ್ಳುಗಳಿದ್ದರೆ ಲಿಂಕ್ಸ್ ಜೇಡ. ಚಿತ್ರಗಳನ್ನು ಜೀವಿಗಳನ್ನು ದಾಖಲಿಸುವ ಜಾಲತಾಣಗಳಾದ ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಹಾಕುವಾಗ ದಿನಾಂಕ, ಹೊತ್ತು, ಗಿಡದ ಹೆಸರು, ನೆಲದಿಂದ ಎಷ್ಟು ಎತ್ತರದಲ್ಲಿತ್ತು ಎಂಬುದನ್ನು ಬರೆಯಿರಿ. ಮನೆಯ ನಿಖರವಾದ ಜಾಗ ಕಾಣದಂತೆ ಮರೆಮಾಡಬಹುದು. ಅನೇಕ ಜೇಡಗಳ ಪ್ರಭೇದವನ್ನು ಅವುಗಳ ಜನನಾಂಗಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ನಿರ್ಧರಿಸಬೇಕಾಗುವುದರಿಂದ ಒಂದು ಚಿತ್ರ ನೋಡಿ ಪೂರ್ತಿ ಹೆಸರು ಹೇಳುವವರನ್ನು ಒಡನೆ ನಂಬಬೇಡಿ, ಪಂಗಡದ (ಜೀನಸ್) ಹೆಸರಿಗೆ ನಿಲ್ಲಿಸಿದರೂ ದಾಖಲೆಗೆ ಅದು ಸಾಕು.